ಕಾಫಿ ತಕ್ಕಡಿಯಲ್ಲಿ ತೂಗಿ ನೋಡಿದ ಗುಜರಿ ಅಂಗಡಿ

ದಕ್ಷಿಣ ಕೊಡಗಿನ ಪಟ್ಟಣವೊಂದರ ಹೊರವಲಯದಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಇಳಿಜಾರಿನಲ್ಲಿರುವ ಗುಜರಿ ಅಂಗಡಿಗೆ ನಾನು ಕಳೆದ ಎರಡು ವರ್ಷಗಳಲ್ಲಿ ಸಾಮಾನು ಹೇರಿಕೊಂಡು ನಾಲ್ಕು ಸಲ ಹೋಗಿದ್ದೇನೆ. ಅಂಗಡಿಗೆ ಫಲಕವಿಲ್ಲ. ಸುತ್ತಲಿನ ತೋಟದವರು ‘ಕಾಕನ ಗುಜರಿ’ ಎನ್ನುತ್ತಾರೆ. ಆ ಹೆಸರಿಗೆ ಓಗೊಡುವ ಗುಜರಿಗಳು ನಮ್ಮ ಜಿಲ್ಲೆಯಲ್ಲಿ ಒಂದು ಡಜನ್ನಿಗೆ ಕಡಿಮೆ ಇರಲಾರವಾದ್ದರಿಂದ ಇದು ಯಾವುದೆಂದು ಊಹಿಸುವ ಶ್ರಮವನ್ನು ಓದುಗರು ತೆಗೆದುಕೊಳ್ಳಬೇಕಿಲ್ಲ. ಹೋಟೆಲು, ಹೋಂಸ್ಟೇಗಳ ಬಗ್ಗೆ ಪುಟಗಟ್ಟಲೆ ವಿಮರ್ಶೆ ಬರೆಯುವ ನಾವು, ವರ್ಷಕ್ಕೊಮ್ಮೆಯಾದರೂ ಸಾವಿರಾರು ರೂಪಾಯಿಯ ವ್ಯವಹಾರ ನಡೆಸುವ ಗುಜರಿ ಅಂಗಡಿಯ ಬಗ್ಗೆ ‘ಕೆ.ಜಿ.ಗೆ ಎಷ್ಟು ಕೊಟ್ಟ’ ಎಂಬ ಒಂದು ಪ್ರಶ್ನೆಯನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಗುಜರಿ ಅಂಗಡಿಯನ್ನು ಅಳೆಯಲು ಆ ಪ್ರಶ್ನೆ ತೀರ ಸಾಲದೆಂಬುದು ನನಗೆ ಈ ನಾಲ್ಕು ಭೇಟಿಗಳಲ್ಲಿ ಮನದಟ್ಟಾಯಿತು.

ಕೊನೆಯ ಭೇಟಿಯಿಂದಲೇ ಆರಂಭಿಸುತ್ತೇನೆ. ಮೇ ತಿಂಗಳ ಮೂರನೆಯ ವಾರ, ಮಳೆ ಹಿಡಿಯುವ ಮೊದಲು ಶೆಡ್ಡು ಖಾಲಿ ಮಾಡಬೇಕೆಂದು ಹೊರಟಾಗ ಮೂಲೆಯಲ್ಲಿ ಸ್ಪ್ರಿಂಕ್ಲರಿನ 60 ಹಳೆಯ ಅಲ್ಯೂಮಿನಿಯಂ ಪೈಪುಗಳು ಕಂಡವು. ಇಪ್ಪತ್ತು ಅಡಿಯ, ಮೂರು ಇಂಚಿನ ಆ ಪೈಪುಗಳಿಂದ ಕಾಫಿಯನ್ನು ಅರಳಿಸುವ ಹೂಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ರೋಬಸ್ಟಾ ಕಾಫಿ ಗಿಡಗಳಿಗೆ ನೀರು ಹಾಯಿಸಿದ್ದೆವು. ಕೆಲವು ಕುತ್ತಿಗೆಯಲ್ಲಿ ಸೀಳಿದ್ದವು, ಹದಿನಾಲ್ಕನ್ನು ಕಾಡಾನೆಗಳು ಒಂದೇ ರಾತ್ರಿ ತುಳಿದು ರೊಟ್ಟಿಯಂತೆ ಚಪ್ಪಟೆ ಮಾಡಿದ್ದವು. ಇವುಗಳ ಜೊತೆಗೆ ಸತ್ತುಹೋದ ಡೀಸೆಲ್ ಪಂಪ್‌ಸೆಟ್ಟಿನ ಬೀಡು (ಎರಕದ ಕಬ್ಬಿಣ), ಕಾರ್ಮಿಕರ ಲೈನ್‌ಮನೆಯ ಹಳೆಯ ಕಿಟಕಿ ಸರಳು, ತುಕ್ಕು ತಿಂದ ಗೇಟು, ಸುಟ್ಟುಹೋದ ಎರಡು ಮೋಟರು, ಒಂದು ಫ್ರಿಜ್ಜು, ಒಂದು ಇನ್ವರ್ಟರ್ ಬ್ಯಾಟರಿ ಇದ್ದವು. ಎಲ್ಲವನ್ನೂ ಕಾಫಿ ಮೂಟೆ ತೂಗುವ ನಮ್ಮ ತಕ್ಕಡಿಯ ಮೇಲೆ ಬಗೆಬಗೆಯಾಗಿ ತೂಗಿ, ಲೆಕ್ಕವನ್ನು ಕೂಲಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡು ಪಿಕ್‌ಅಪ್ಪಿಗೆ ಹೇರಿಸಿದೆ.

ಮನೆಯಲ್ಲೇ ತೂಗಿಕೊಂಡು ಹೋಗುವ ಈ ಅಭ್ಯಾಸಕ್ಕೆ ಹಿನ್ನೆಲೆಯಿದೆ. ಮೂರು ವರ್ಷದ ಹಿಂದೆ ಮನೆ ಬಾಗಿಲಿಗೇ ಬಂದ ಖರೀದಿದಾರನೊಬ್ಬ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ಕಬ್ಬಿಣವನ್ನು ಕಂತು ಕಂತಾಗಿ ತೂಗಿ 61 ಕಿಲೋ ಎಂದು ದುಡ್ಡು ಎಣಿಸಿಟ್ಟು ಹೋದ. ಹಿಂದಿನ ದಿನವಷ್ಟೇ ನಮ್ಮ ಹುಡುಗ ಅದೇ ರಾಶಿಯನ್ನು ಕುತೂಹಲಕ್ಕೆ ತೂಗಿ 84 ಕಿಲೋ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದು ನನ್ನ ಕಣ್ಣಿಗೆ ಬಿದ್ದದ್ದು ಸಂಜೆ. ಆತ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟಿದ್ದನೆಂದು ಅಷ್ಟರವರೆಗೆ ನಾನು ಹಿಗ್ಗಿನಲ್ಲಿದ್ದೆ.

ಕಾಕನ ಅಂಗಡಿಯಲ್ಲಿರುವುದು ನೆಲಕ್ಕೆ ಕೂರಿಸಿದ ಎಲೆಕ್ಟ್ರಾನಿಕ್ ತಕ್ಕಡಿ. ಅಂಕಿಗಳ ಫಲಕ ಗಿರಾಕಿಯ ಕಡೆಗೆ ತಿರುಗಿದೆ, ಕಾನೂನು ಮಾಪನ ಇಲಾಖೆಯ ತಪಾಸಣಾ ಪತ್ರವನ್ನು ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ನನ್ನ ಪುಸ್ತಕದಲ್ಲಿ 306.4 ಕಿಲೋ ಇದ್ದ ಅಲ್ಯೂಮಿನಿಯಂ ಇಲ್ಲಿ 304.8 ಕಿಲೋ ಬಂದಿತು. ವ್ಯತ್ಯಾಸವೇಕೆಂದು ನಾನು ಕೇಳುವ ಮೊದಲೇ ಕೆಲಸದ ಹುಡುಗ ಪೈಪಿನ ಬಾಯಿಂದ ಕಿತ್ತ ರಬ್ಬರ್ ಉಂಗುರಗಳನ್ನೂ ಒಳಗಿನಿಂದ ಕುಟ್ಟಿ ಉದುರಿಸಿದ ಕೆಮ್ಮಣ್ಣನ್ನೂ ಬಾಂಡಲಿಯಲ್ಲಿ ತಂದು ತೋರಿಸಿದ. ಪೈಪಿನ ಕೊಂಡಿಗಳು ಉಕ್ಕಿನವು. ಅವುಗಳನ್ನು ಉಳಿ ಸುತ್ತಿಗೆಯಿಂದ ಹೊಡೆದು ತೆಗೆದು ಕಬ್ಬಿಣದ ರಾಶಿಗೆ ಎಸೆದಿದ್ದರು, ಆ ತೂಕ ಕಬ್ಬಿಣದ ಲೆಕ್ಕದಲ್ಲಿ ಸೇರಿತ್ತು. ತಕ್ಕಡಿಯ ವಿಷಯದಲ್ಲಿ ಈ ಅಂಗಡಿಯ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ.

ಆದರೆ ನಾನು ಇಲ್ಲಿ ಅರ್ಧ ದಿನ ಕುಳಿತುಬಿಟ್ಟದ್ದು ತಕ್ಕಡಿ ನೋಡುವುದಕ್ಕಲ್ಲ, ಆ ವಿಂಗಡಣೆಯನ್ನು ನೋಡುವುದಕ್ಕೆ. ಅಂಗಳದ ತುದಿಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ ನಡುವಯಸ್ಸಿನ ಹೆಂಗಸೊಬ್ಬರು, ದಾರ ಕಟ್ಟಿದ ಅಯಸ್ಕಾಂತವೊಂದನ್ನು ಬಲಗೈಯಲ್ಲೂ ಸವೆದ ಅರವೊಂದನ್ನು ಎಡಗೈಯಲ್ಲೂ ಹಿಡಿದು, ನನ್ನ ಚೀಲದಲ್ಲಿದ್ದ ಚೂರುಪಾರುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅಯಸ್ಕಾಂತ ಹಿಡಿದರೆ ಒಂದು ಬುಟ್ಟಿ, ಹಿಡಿಯದಿದ್ದರೆ ಅರದಿಂದ ಒಂದು ಗೀರು. ಬೆಳ್ಳಿಯಂತೆ ಹೊಳೆಯುತ್ತಿದ್ದ ನಲ್ಲಿಯೊಂದನ್ನು ನಾನು ಸ್ಟೀಲೆಂದು ತಿಳಿದಿದ್ದೆ. ಗೀರಿನ ಕೆಳಗೆ ಹಳದಿ ಕಂಡಿತು, ‘ಹಿತ್ತಾಳೆ ಸಾರ್, ಮೇಲೆ ಪಾಲಿಶು’ ಎಂದು ಬೇರೆ ಬುಟ್ಟಿಗೆ ಹಾಕಿದರು. ಎರಡು ಮೋಟರುಗಳ ಪೈಕಿ ಒಂದರ ಸುರುಳಿ ನೋಡಲು ಅಪ್ಪಟ ತಾಮ್ರದ ಬಣ್ಣ. ತಂತಿಯ ತುದಿಯನ್ನು ಅರಕ್ಕೆ ಒಮ್ಮೆ ಉಜ್ಜಿದಾಗ ಒಳಗೆ ಬಿಳುಪು. ಅರಗಿನ ಬಣ್ಣಕ್ಕೆ ಮೋಸಹೋಗಿ ಅದನ್ನು ತಾಮ್ರವೆಂದೇ ಇಷ್ಟು ದಿನ ಜೋಪಾನ ಮಾಡಿದ್ದೆ. ಅಗ್ಗದ ಮೋಟರುಗಳಿಗೆ ಅಲ್ಯೂಮಿನಿಯಂ ತಂತಿ ಸುತ್ತುತ್ತಾರೆಂದು ಆ ಹೆಂಗಸಿನಿಂದ ತಿಳಿಯಿತು. ಇನ್ನೊಂದು ಮೋಟರಿನಲ್ಲಿ ನಿಜವಾದ ತಾಮ್ರವೇ ಇತ್ತು, 6.2 ಕಿಲೋ.

ಈ ಅಯಸ್ಕಾಂತ, ಅರಗಳ ಕೆಲಸ ಹೆಚ್ಚು ದುಡ್ಡಿನ ಲೋಹವನ್ನು ಹೆಕ್ಕುವ ಚಾಲಾಕಿತನವೆಂದಷ್ಟೇ ತಿಳಿದಿದ್ದವನು ನಾನು. ಅದಕ್ಕಿಂತ ದೊಡ್ಡ ಕಾರಣವಿದೆ. ಉಕ್ಕಿನ ಕುಲುಮೆಗೆ ತಾಮ್ರ ಸೇರಿಬಿಟ್ಟರೆ ಅದನ್ನು ಮತ್ತೆ ಹೊರತೆಗೆಯುವ ಸುಲಭದ ದಾರಿ ಇಲ್ಲ. ಬೇಡದ ಮೂಲವಸ್ತುಗಳಲ್ಲಿ ಹಲವು ಆಮ್ಲಜನಕದೊಡನೆ ಸೇರಿ ಕಿಟ್ಟವಾಗಿ ಮೇಲೆ ತೇಲುತ್ತವೆ. ತಾಮ್ರಕ್ಕೆ ಆಮ್ಲಜನಕದ ಮೇಲಿನ ಮೋಹ ಕಬ್ಬಿಣಕ್ಕಿಂತ ಕಡಿಮೆ, ಆದ್ದರಿಂದ ಅದು ಕರಗಿದ ಉಕ್ಕಿನಲ್ಲೇ ಉಳಿದುಬಿಡುತ್ತದೆ. ಅಂಥ ಉಕ್ಕನ್ನು ಕಾಯಿಸಿ ಹಾಳೆಯಾಗಿ ಲಟ್ಟಿಸುವಾಗ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳು ಏಳುತ್ತವೆ. ಕಟ್ಟಡದ ಕಂಬಿ ಸ್ವಲ್ಪ ತಾಮ್ರವನ್ನು ಸಹಿಸಿಕೊಳ್ಳುತ್ತದೆ, ಕಾರಿನ ಮೈಗೆ ಬಳಸುವ ತೆಳು ಹಾಳೆ ಸಹಿಸುವುದಿಲ್ಲ. ಹೀಗೆ ಒಂದು ಮೋಟರನ್ನು ಬಿಚ್ಚದೆ ಕಬ್ಬಿಣದ ರಾಶಿಗೆ ಹಾಕಿದರೆ ಎರಡು ಲೋಹಗಳೂ ಕೆಟ್ಟಂತೆ: ತಾಮ್ರ ಶಾಶ್ವತವಾಗಿ ಕಳೆದುಹೋಯಿತು, ಉಕ್ಕು ಒಂದು ಮೆಟ್ಟಿಲು ಕೆಳಗಿಳಿಯಿತು. ಆ ಕೀಳು ಉಕ್ಕನ್ನು ಸರಿಪಡಿಸಲು ಅದಿರಿನಿಂದ ತಯಾರಾದ ಹೊಸ ಕಬ್ಬಿಣವನ್ನೇ ಬೆರೆಸಿ ತಾಮ್ರದ ಪ್ರಮಾಣವನ್ನು ತಗ್ಗಿಸಬೇಕು. ಗೋಣಿಯ ಮೇಲೆ ಕುಳಿತ ಹೆಂಗಸಿನ ಅರದ ಗೀರು ಯಾವುದೋ ಊರಿನ ಗಣಿಗೆ ಸಂಬಂಧಿಸಿದ್ದು.

ಗಣಿಯೆಂದರೆ ಏನೆಂಬುದು ಪಶ್ಚಿಮಘಟ್ಟದ ನಮಗೆ ದೂರದ ಮಾತಲ್ಲ. ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯು ಭದ್ರೆಯ ನೀರನ್ನು ಕೆಂಪಾಗಿಸಿದ ಬಗ್ಗೆ ವರ್ಷಗಟ್ಟಲೆ ಹೋರಾಟ ನಡೆದು, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ ಆ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಬಳ್ಳಾರಿಯ ಗಣಿಗಳನ್ನು ಅದೇ ಕೋರ್ಟು 2011ರಲ್ಲಿ ನಿಲ್ಲಿಸಿ ಆಮೇಲೆ ಮಿತಿ ಹಾಕಿ ತೆರೆಯಿತು. ಕೊಡಗಿನಲ್ಲಿ ಕಬ್ಬಿಣದ ಗಣಿಯಿಲ್ಲ, ಕುಲುಮೆಯಿಲ್ಲ, ರೈಲುಮಾರ್ಗ ಕೂಡ ಇಲ್ಲ. ನಮ್ಮ ತೋಟದ ಗೇಟು, ಕಣದ ತಗಡು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಚಕ್ರ ಎಲ್ಲವೂ ಬೇರೆ ಯಾರದೋ ಬೆಟ್ಟದಿಂದ ಲಾರಿಯಲ್ಲಿ ಬಂದದ್ದು. ವಿಶ್ವ ಉಕ್ಕು ಸಂಘಟನೆಯ ಲೆಕ್ಕದ ಪ್ರಕಾರ ಒಂದು ಟನ್ ಗುಜರಿ ಕಬ್ಬಿಣ ಮತ್ತೆ ಉಕ್ಕಾದರೆ 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು, 120 ಕಿಲೋ ಸುಣ್ಣದಕಲ್ಲು ಉಳಿಯುತ್ತವೆ, ಸುಮಾರು 1.5 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ. ಊದುಕುಲುಮೆಯಲ್ಲಿ ಕಲ್ಲಿದ್ದಲು ಬರೀ ಉರುವಲಲ್ಲ; ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದೂ ಆ ಇಂಗಾಲವೇ, ಹಾಗಾಗಿ ಹೊಗೆಯಿಲ್ಲದೆ ಅಲ್ಲಿ ಕಬ್ಬಿಣ ಹುಟ್ಟುವುದಿಲ್ಲ. ಗುಜರಿಯಲ್ಲಿ ಆ ಕೀಳುವ ಕೆಲಸ ಒಮ್ಮೆ ಮುಗಿದಿರುತ್ತದೆ, ಕರಗಿಸುವುದಷ್ಟೇ ಬಾಕಿ. ನಾನು ಕೊಟ್ಟದ್ದು 412 ಕಿಲೋ ಕಬ್ಬಿಣ, ಜೊತೆಗೆ 138 ಕಿಲೋ ಬೀಡು. ಕಬ್ಬಿಣವೊಂದನ್ನೇ ಲೆಕ್ಕ ಹಾಕಿದರೂ 577 ಕಿಲೋ ಅದಿರು, 305 ಕಿಲೋ ಕಲ್ಲಿದ್ದಲು, ಸುಮಾರು 620 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ನಿಜವಾದ ಆಶ್ಚರ್ಯ ಅಲ್ಯೂಮಿನಿಯಂನಲ್ಲಿದೆ. ಬಾಕ್ಸೈಟಿನಿಂದ ಮೊದಲು ಅಲ್ಯೂಮಿನಾ ಎಂಬ ಬಿಳಿಪುಡಿ, ಆ ಪುಡಿಯಿಂದ ವಿದ್ಯುತ್ತಿನ ಬಲದಿಂದ ಲೋಹ. 1886ರಲ್ಲಿ ಕಂಡುಹಿಡಿದ ಈ ವಿಧಾನವೇ ಇಂದಿಗೂ ನಡೆಯುತ್ತಿದೆ. ಒಂದು ಕಿಲೋ ಲೋಹಕ್ಕೆ ಸುಮಾರು ನಾಲ್ಕು ಕಿಲೋ ಬಾಕ್ಸೈಟೂ, ಕೊನೆಯ ಹಂತವೊಂದಕ್ಕೇ ಹೆಚ್ಚುಕಡಿಮೆ 14 ಯುನಿಟ್ ವಿದ್ಯುತ್ತೂ ಬೇಕು. ಹಳೆಯ ಅಲ್ಯೂಮಿನಿಯಂ ಅನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಲು ಮೊದಲಿನಿಂದ ಮಾಡುವುದಕ್ಕೆ ಬೇಕಾದ ಶಕ್ತಿಯ ನೂರಕ್ಕೆ ಐದು ಪಾಲು ಸಾಕು. ಕಿಲೋಗೆ 13 ಯುನಿಟ್ ಉಳಿಯಿತೆಂದು ಹಿಡಿದರೆ ನನ್ನ 304.8 ಕಿಲೋ ಪೈಪಿನಲ್ಲಿ 3,960 ಯುನಿಟ್ಟಿನಷ್ಟು ಉಳಿತಾಯವಾಯಿತು. ನಮ್ಮ ಮನೆಗೆ ಚೆಸ್ಕಾಂ ಬಿಲ್ಲು ಬರುವುದು ತಿಂಗಳಿಗೆ 110 ಯುನಿಟ್ಟಿನ ಆಸುಪಾಸಿನಲ್ಲಿ. ಅಂದರೆ ಆನೆ ತುಳಿದ ಪೈಪುಗಳಲ್ಲಿ ನಮ್ಮ ಮನೆಯ ಮೂರು ವರ್ಷದ ದೀಪ ಅಡಗಿ ಕುಳಿತಿತ್ತು. ಕಲ್ಲಿದ್ದಲಿನ ವಿದ್ಯುತ್ತಿನಿಂದ ತಯಾರಾಗುವ ಒಂದು ಟನ್ ಹೊಸ ಅಲ್ಯೂಮಿನಿಯಂಗೆ 15 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಮರುಬಳಕೆಯ ಲೋಹಕ್ಕೆ ಒಂದು ಟನ್ನಿಗಿಂತ ಕಡಿಮೆ. ಪೈಪುಗಳ ತೂಕ ಕಬ್ಬಿಣಕ್ಕಿಂತ ಕಡಿಮೆಯಿದ್ದರೂ ಹೊಗೆಯ ಲೆಕ್ಕದಲ್ಲಿ ಅವು ಕಬ್ಬಿಣದ ಆರೇಳು ಪಟ್ಟು ತೂಗುತ್ತವೆ. ಶೆಡ್ಡಿನಿಂದ ಮೊದಲು ಹೊರಗೆ ಹೋಗಬೇಕಾದದ್ದು ಯಾವುದೆಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಹೀಗೆ. ಏಕೆಂದರೆ ಎಲ್ಲರಂತೆ ನಾನೂ ತುಕ್ಕು ಹಿಡಿಯುವ ಕಬ್ಬಿಣವನ್ನು ಅವಸರದಿಂದ ಮಾರಿ, ‘ಕೆಡುವುದಿಲ್ಲವಲ್ಲ’ ಎಂದು ಅಲ್ಯೂಮಿನಿಯಂ ಅನ್ನು ಆರು ವರ್ಷ ಮೂಲೆಯಲ್ಲಿ ಮಲಗಿಸಿದ್ದೆ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗುಜರಿ ಕರಗಿಸುವ ವಿದ್ಯುತ್ ಕುಲುಮೆಗೂ ಕರೆಂಟು ಬರುವುದು ನಮ್ಮ ದೇಶದಲ್ಲಿ ಬಹುಪಾಲು ಕಲ್ಲಿದ್ದಲಿನಿಂದ. ಒಂದು ಟನ್ ಕಬ್ಬಿಣ ಕರಗಲು 500 ಯುನಿಟ್ಟಿನ ಆಸುಪಾಸು ಬೇಕು. ಉಳಿತಾಯ ದೊಡ್ಡದು, ಆದರೆ ಹೊಗೆ ಸೊನ್ನೆಯಾಗುವುದಿಲ್ಲ. ಮೇಲಾಗಿ ಕಟ್ಟಡ, ಸೇತುವೆಗಳಿಗೆ ಹೋದ ಉಕ್ಕು ಐವತ್ತು ಅರವತ್ತು ವರ್ಷ ಮರಳಿ ಬರುವುದಿಲ್ಲವಾದ್ದರಿಂದ, ಬೆಳೆಯುತ್ತಿರುವ ದೇಶವೊಂದರ ಬೇಡಿಕೆಯನ್ನು ಗುಜರಿಯೊಂದರಿಂದಲೇ ತುಂಬಿಸಲು ಸಾಧ್ಯವಿಲ್ಲ. ಇರುವಷ್ಟು ಗುಜರಿಯನ್ನು ಕೆಡಿಸದೆ ಕುಲುಮೆಗೆ ತಲುಪಿಸುವುದರಲ್ಲೇ ಅಂಗಡಿಯ ಯೋಗ್ಯತೆ ಇದೆಯೆಂದು ನಾನು ಹೇಳುವುದು ಈ ಕಾರಣಕ್ಕೆ.

ಲಾರಿಯ ಹೊಗೆಯ ಮಾತು ಹಲವರು ಎತ್ತುತ್ತಾರೆ. ಘಟ್ಟದ ಮೇಲಿಂದ ಅಷ್ಟು ದೂರ ಸಾಗಿಸುವ ಡೀಸೆಲಿನಲ್ಲೇ ಉಳಿತಾಯವೆಲ್ಲ ಹೋಯಿತಲ್ಲ ಎಂದು ನನಗೂ ಅನ್ನಿಸಿತ್ತು. ತನ್ನ ಕಬ್ಬಿಣ ಮೈಸೂರಿಗೂ, ದರ ಏರಿದ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನ ಕಂಜಿಕೋಡಿನ ಕುಲುಮೆಗಳಿಗೂ ಹೋಗುತ್ತದೆಂದು ಕಾಕ ಹೇಳಿದರು. ಹತ್ತು ಟನ್ ಹೇರಿದ ಲಾರಿ 200 ಕಿಲೋಮೀಟರ್ ಹೋಗಿ ಖಾಲಿ ಮರಳಿತೆಂದು, ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ಹಿಡಿಯೋಣ: 100 ಲೀಟರ್ ಡೀಸೆಲ್, ಲೀಟರಿಗೆ 2.7 ಕಿಲೋದಂತೆ 270 ಕಿಲೋ ಇಂಗಾಲದ ಡೈಆಕ್ಸೈಡ್, ಟನ್ನಿಗೆ ಹಂಚಿದರೆ 27 ಕಿಲೋ. ಉಳಿತಾಯವಾದ 1,500 ಕಿಲೋದ ಎದುರು ಅದು ಲೆಕ್ಕಕ್ಕೆ ಬಾರದು. ಅರ್ಧ ತುಂಬಿದ ಪಿಕ್‌ಅಪ್ಪಿನಲ್ಲಿ ತೋಟದಿಂದ ಅಂಗಡಿಗೆ ನಾಲ್ಕು ಸಲ ಓಡಾಡುವ ನಮ್ಮ ಅಭ್ಯಾಸ ಅದಕ್ಕಿಂತ ದುಬಾರಿ ಬಿದ್ದೀತು.

ಈ ಅಂಗಡಿಯಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಸಂಗತಿ ಎದುರಿನ ಚಪ್ಪರ. ಕರಗಿಸಬೇಕಿಲ್ಲದ ವಸ್ತುಗಳನ್ನು ಅಲ್ಲಿ ಬೇರೆ ಇಡುತ್ತಾರೆ: ನೇರವಾಗಿರುವ ಜಿ.ಐ. ಪೈಪು, ಕೀಲು ಗಟ್ಟಿಯಿರುವ ಗೇಟು, ತಳ ಸವೆಯದ ಬ್ಯಾರೆಲ್ಲು, ಔಷಧಿ ಹೊಡೆಯುವ ಪಂಪಿನ ಹಿತ್ತಾಳೆಯ ಲಾನ್ಸು (ಸಿಂಪಡಿಸುವ ಕೊಳವೆ). ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಕಬ್ಬಿಣವನ್ನು ತಿಂದುಹಾಕುವುದರಿಂದ ಹಳೆಯ ಹಿತ್ತಾಳೆಯ ಭಾಗಗಳಿಗೆ ತೋಟದವರಲ್ಲಿ ಈಗಲೂ ಬೇಡಿಕೆಯಿದೆ. ಗುಜರಿ ದರಕ್ಕಿಂತ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಮಾರುತ್ತಾರೆ. ನಾನೇ ಅಲ್ಲಿಂದ ಒಂದು ಬೀಡಿನ ಗಾಲಿಯನ್ನು ಕೊಂಡು ತಂದು ಪಲ್ಪರಿಗೆ ಹಾಕಿಸಿದ್ದೇನೆ. ಎರಡು ವರ್ಷದಿಂದ ತಿರುಗುತ್ತಿದೆ. ಕರಗಿಸದೆ ಮತ್ತೆ ಬಳಸಿದ ಲೋಹಕ್ಕೆ ಕುಲುಮೆಯ ಖರ್ಚೂ ಇಲ್ಲ.

ಆದರೆ ಚಪ್ಪರಕ್ಕೆ ಹೋಗಬಾರದ ವಸ್ತುಗಳೂ ಇರುತ್ತವೆ. ಒಮ್ಮೆ ಅಲ್ಯೂಮಿನಿಯಂ ಏಣಿಯೊಂದನ್ನು ಒಯ್ದಿದ್ದೆ. ಕರಿಮೆಣಸು ಕೊಯ್ಯುವಾಗ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರದಿಂದ ಮರಕ್ಕೆ ಅಂಥ ಏಣಿಯನ್ನು ನಿಲ್ಲಿಸಿಕೊಂಡೇ ಸಾಗಿಸುವ ಕಾರ್ಮಿಕರು ಮೇಲಿನ ವಿದ್ಯುತ್ ತಂತಿಗೆ ತಗುಲಿ ಸತ್ತ ಸುದ್ದಿಗಳನ್ನು ನಾವು ಕೊಡಗಿನವರು ವರ್ಷವೂ ಓದುತ್ತೇವೆ. ನಾನು ಬಿದಿರಿನ ಏಣಿಗೆ ಮರಳಿದ್ದೆ. ‘ಇದನ್ನು ಏಣಿಯಾಗಿ ಮಾರಬೇಡಿ ಕಾಕ’ ಎಂದೆ. ಅವರು ಮರುಮಾತಿಲ್ಲದೆ ಹುಡುಗನನ್ನು ಕರೆದು ನನ್ನೆದುರೇ ನಾಲ್ಕು ತುಂಡು ಮಾಡಿಸಿ ತಕ್ಕಡಿಗೆ ಹಾಕಿಸಿದರು. ಏಣಿಯಾಗಿ ಮಾರಿದ್ದರೆ ಅವರಿಗೆ ಸಾವಿರ ರೂಪಾಯಿಯಾದರೂ ಹೆಚ್ಚು ಸಿಗುತ್ತಿತ್ತು.

ತಂತಿಯ ಪ್ಲಾಸ್ಟಿಕ್ ಸುಲಿಯಲು ಇಲ್ಲೊಂದು ಕೈಯಂತ್ರವಿದೆ. ಕೇಬಲ್ಲನ್ನು ರಾಶಿ ಹಾಕಿ ಸುಟ್ಟು ತಾಮ್ರ ತೆಗೆಯುವ ಪದ್ಧತಿಯನ್ನು, ಅದರ ಕಪ್ಪು ಹೊಗೆಯನ್ನು, ಬಾಯಿ ಕಹಿಯಾಗಿಸುವ ಅದರ ವಾಸನೆಯನ್ನು ಬೇರೆಡೆ ಕಂಡಿರುವ ನನಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ. ಪಿ.ವಿ.ಸಿ. ಉರಿದಾಗ ಹೈಡ್ರೋಜನ್ ಕ್ಲೋರೈಡ್, ಡೈಆಕ್ಸಿನ್‌ಗಳಂಥ ವಿಷ ಹೊರಬರುತ್ತವೆ. ಸುಟ್ಟ ತಾಮ್ರವೂ ಮೇಲ್ಮೈ ಕೆಟ್ಟು ದರ ಕಳೆದುಕೊಳ್ಳುತ್ತದೆ. ತಾಮ್ರ ಅಥವಾ ಮೋಟರು ತಂದವರ ಹೆಸರು, ಗಾಡಿ ನಂಬರು, ಗುರುತಿನ ಚೀಟಿಯ ನಕಲನ್ನು ಪಡೆದು ಪುಸ್ತಕದಲ್ಲಿ ಬರೆಸುತ್ತಾರೆ. ತೋಟದ ಪಂಪ್‌ಸೆಟ್ಟು, ಕೇಬಲ್ಲು ಕಳವಾಗುವ ಕಾಲದಲ್ಲಿ ಇದು ಬೇಕಾದ ಕ್ರಮ, ನನ್ನನ್ನೂ ಬಿಡಲಿಲ್ಲ. ಕ್ರಿಮಿನಾಶಕದ ಡಬ್ಬಿಗಳನ್ನು ಮುಟ್ಟುವುದೇ ಇಲ್ಲ.

ಇನ್ನು ದೂರುಗಳು. ಇವು ಸಣ್ಣವಲ್ಲ.

ನನ್ನ ಫ್ರಿಜ್ಜನ್ನು ಅಂಗಳದಲ್ಲಿ ಕೆಡವಿ, ಹಿಂಬದಿಯ ಕಂಪ್ರೆಸರಿಗೆ ಹೋಗುವ ಸಣ್ಣ ತಾಮ್ರದ ಕೊಳವೆಯನ್ನು ಹುಡುಗನೊಬ್ಬ ಕಟಿಂಗ್ ಪ್ಲೇಯರಿನಿಂದ ಕಚಕ್ಕೆಂದು ಕತ್ತರಿಸಿದ. ಸುಂಯ್ ಎಂಬ ಸದ್ದು ಅರ್ಧ ನಿಮಿಷ ಬಂದು ನಿಂತಿತು. ಆ ಸದ್ದಿನ ಲೆಕ್ಕ ಹೀಗಿದೆ: ಫ್ರಿಜ್ಜಿನ ಚೀಟಿಯ ಮೇಲೆ ಬರೆದಿದ್ದಂತೆ ಅದರೊಳಗಿದ್ದದ್ದು ಆರ್-134ಎ ಎಂಬ ಅನಿಲ, 120 ಗ್ರಾಂ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು ಬಲದ್ದು. ಅಂದರೆ ಆ ಅರ್ಧ ನಿಮಿಷದಲ್ಲಿ 168 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದದ್ದು ಗಾಳಿಗೆ ಹೋಯಿತು. ಫ್ರಿಜ್ಜಿನಿಂದ ಸಿಕ್ಕ ಕಬ್ಬಿಣ 35 ಕಿಲೋ, ಅದರ ಮರುಬಳಕೆಯಿಂದ ಉಳಿಯುವುದು ಹೆಚ್ಚೆಂದರೆ 53 ಕಿಲೋ. ಉಳಿಸಿದ್ದರ ಮೂರು ಪಟ್ಟು ಕಳೆದೆವು. ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಫ್ರಿಜ್ ರಿಪೇರಿಯವರಲ್ಲಿ ಕೆಲವರ ಬಳಿ ಇರುತ್ತದೆ. ಅಂಥವರಿಂದ ಅನಿಲ ತೆಗೆಸಿ ಆಮೇಲೆ ಗುಜರಿಗೆ ತರಬೇಕಿತ್ತೆಂದು ನನಗೆ ಹೊಳೆದದ್ದು ಸದ್ದು ನಿಂತ ಮೇಲೆ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸಾಮಾನು ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ, ಇಂಥ ಅಂಗಳಕ್ಕಲ್ಲ. ಕಾಕನಿಗೆ ಇದನ್ನು ವಿವರಿಸಿದಾಗ ‘ಎಲ್ಲರೂ ಹೀಗೇ ಮಾಡುವುದು ಸಾರ್’ ಎಂದರು. ಅದು ನಿಜವೇ ಆದರೂ ಉತ್ತರವಲ್ಲ.

ಎರಡನೆಯದು ಬ್ಯಾಟರಿಗಳ ಮೂಲೆ. ಹಿಂಬದಿಯ ತಗಡಿನ ಮಾಡಿನ ಕೆಳಗೆ ಮೂವತ್ತು ನಲವತ್ತು ಹಳೆಯ ಬ್ಯಾಟರಿಗಳನ್ನು ಬರಿ ಮಣ್ಣಿನ ಮೇಲೆ ಜೋಡಿಸಿದ್ದಾರೆ. ಎರಡು ಒಡೆದಿದ್ದವು, ಅವುಗಳ ಬುಡದ ಮಣ್ಣಿನಲ್ಲಿ ಹುಲ್ಲು ಹುಟ್ಟಿರಲಿಲ್ಲ. ಮಾಡಿನಿಂದ ಹತ್ತು ಹೆಜ್ಜೆಗೆ ತೋಡು, ತೋಡಿನಾಚೆ ಯಾರದೋ ಗದ್ದೆ. ಮಡಿಕೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ, ಇಲ್ಲಿ ಅದಕ್ಕಿಂತ ಕಡಿಮೆಯಿದ್ದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಹೊಯ್ಯುವ ಮಳೆಯಲ್ಲಿ ಗಂಧಕಾಮ್ಲವೂ ಸೀಸದ ಪುಡಿಯೂ ಎಲ್ಲಿಗೆ ಹೋಗುತ್ತವೆಂದು ಬಿಡಿಸಿ ಹೇಳಬೇಕಿಲ್ಲ. ಸೀಸವನ್ನು ಪೂರ್ತಿಯಾಗಿ ಮರುಬಳಸಲು ಬರುತ್ತದೆ, ಆದರೆ ನೆಲಕ್ಕೆ ಇಳಿದ ಸೀಸ ಯಾರ ಕೈಗೂ ಮರಳುವುದಿಲ್ಲ, ಮಕ್ಕಳ ನರಮಂಡಲಕ್ಕೆ ಅದು ಸ್ವಲ್ಪವಾದರೂ ಕೇಡು. ನನ್ನ ಬ್ಯಾಟರಿಯನ್ನು ಇಳಿಸದೆ ವಾಪಸು ತಂದು, ಹೊಸತನ್ನು ಕೊಂಡ ಅಂಗಡಿಗೇ ವಿನಿಮಯಕ್ಕೆ ಕೊಟ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಹಾಗಾಗಿ ಮಾರಾಟಗಾರರು ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ, ಹೊಸ ಬ್ಯಾಟರಿಯ ಬೆಲೆಯಲ್ಲಿ ವಜಾ ಕೂಡ ಮಾಡುತ್ತಾರೆ. ಎಂಜಿನ್ನುಗಳಿಂದ ಬಸಿದ ಎಣ್ಣೆಗೆ ಕಾಕ ಬ್ಯಾರೆಲ್ಲು ಇಟ್ಟಿದ್ದಾರಾದರೂ ಅದರ ಸುತ್ತಲಿನ ಮಣ್ಣು ಕರ್ರಗಿದೆ. ಅದನ್ನೂ ಇದೇ ದೂರಿಗೆ ಸೇರಿಸುತ್ತೇನೆ.

ಮೂರನೆಯದು ಚಿಲ್ಲರೆ ದೂರು: ಬಿಲ್ಲು ಕೇಳಿದರೆ ಮಾತ್ರ ಕೊಡುತ್ತಾರೆ, ಅದೂ ಎರಡು ಸಲ ಕೇಳಿದರೆ.

ದರದ ಬಗ್ಗೆ ಓದುಗರಿಗೆ ಕುತೂಹಲವಿರುತ್ತದೆ. ಆ ದಿನ ನನಗೆ ಅಲ್ಯೂಮಿನಿಯಂ ಪೈಪಿಗೆ ಕಿಲೋಗೆ 160, ಕಬ್ಬಿಣಕ್ಕೆ 28, ಬೀಡಿಗೆ 32, ತಾಮ್ರಕ್ಕೆ 640 ರೂಪಾಯಿ ಸಿಕ್ಕಿತು. ಈ ನಾಲ್ಕರಿಂದ ಒಟ್ಟು 68,688 ರೂಪಾಯಿ. ಪೇಟೆಯ ಇನ್ನೊಂದು ಕಡೆ ಪೈಪಿಗೆ 168 ಹೇಳಿದ್ದರು. ಆದರೆ ಅಲ್ಲಿ ಪೈಪನ್ನು ಕೊಂಡಿ, ರಬ್ಬರು, ಮಣ್ಣಿನ ಸಮೇತ ತೂಗಿ ನೂರಕ್ಕೆ ಎಂಟು ‘ಕಸ ಕಳೆಯುವ’ ಪದ್ಧತಿ. ಎಂಟು ರೂಪಾಯಿ ಹೆಚ್ಚು ಕೊಟ್ಟು ಎಂಟು ಕಿಲೋ ಕಡಿಮೆ ಹಿಡಿದರೆ ಗಿರಾಕಿಯ ಕೈಗೆ ಬರುವುದು ಕಡಿಮೆಯೇ. ಮೇಲಾಗಿ ಉಕ್ಕಿನ ಕೊಂಡಿಯಿರುವ ಪೈಪು ಹಾಗೆಯೇ ಕುಲುಮೆ ಸೇರಿದರೆ ಅಲ್ಯೂಮಿನಿಯಂಗೆ ಕಬ್ಬಿಣ ಬೆರೆತು, ಮತ್ತೆ ಪೈಪಾಗಬೇಕಾದ ಲೋಹ ಎರಕದ ಕೀಳು ಸಾಮಾನಾಗುತ್ತದೆ. ದಪ್ಪ ಪೈಪು ಮತ್ತು ತೆಳು ಹಾಳೆಗಳನ್ನು ಕಾಕ ಬೇರೆ ಬೇರೆ ದರಕ್ಕೆ ಕೊಳ್ಳುವುದಕ್ಕೂ ಕಾರಣವಿದೆ: ತೆಳುವಾದದ್ದು ಕುಲುಮೆಯಲ್ಲಿ ಕರಗುವ ಮೊದಲೇ ಒಂದಷ್ಟು ಉರಿದು ಬೂದಿಯಾಗುತ್ತದೆ.

ಒಟ್ಟಿನಲ್ಲಿ ಕಬ್ಬಿಣ, ಬೀಡು, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳಿಗೆ ನಾನು ಈ ಅಂಗಡಿಗೇ ಹೋಗುತ್ತೇನೆ, ನೆರೆಯವರಿಗೂ ಹಾಗೆಯೇ ಹೇಳಿದ್ದೇನೆ. ಬ್ಯಾಟರಿಯನ್ನೂ ಫ್ರಿಜ್ಜನ್ನೂ ಇಲ್ಲಿಗೆ ಒಯ್ಯಬೇಡಿ. ಸಾಮಾನನ್ನು ಮೇ ತಿಂಗಳೊಳಗೆ ಮುಟ್ಟಿಸುವುದು ಒಳ್ಳೆಯದು: ಮಳೆ ಹಿಡಿದರೆ ಇಳಿಜಾರಿನಲ್ಲಿ ಪಿಕ್‌ಅಪ್ಪು ಹೂತುಕೊಳ್ಳುತ್ತದೆ, ಒದ್ದೆ ಕಬ್ಬಿಣಕ್ಕೆ ತೂಕ ಕಳೆಯುತ್ತಾರೆ, ಬಯಲಿನಲ್ಲಿ ಬಿಟ್ಟ ತೆಳು ತಗಡು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪು ಪುಡಿಯಾಗಿ ಮಣ್ಣು ಸೇರಿರುತ್ತದೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಭಾನುವಾರ ತೆರೆದಿರುತ್ತದೆ, ಆದರೆ ಸಂತೆಯ ದಿನವಾದ್ದರಿಂದ ತಕ್ಕಡಿಯ ಮುಂದೆ ಸಾಲು ಇರುತ್ತದೆ. ಜುಲೈಯಲ್ಲಿ ಆ ದಾರಿಯಾಗಿ ಹೋಗುವಾಗ ಇಳಿದು ನೋಡಿದೆ: ಬ್ಯಾಟರಿಗಳ ಕೆಳಗೆ ಸಿಮೆಂಟ್ ಹಾಕಿಸುವ ಮಾತು ಆಡಿದ್ದ ಕಾಕ, ಸಿಮೆಂಟಿನ ಬದಲು ನನ್ನದೇ ಹಳೆಯ ಗೇಟಿನ ತಗಡನ್ನು ಅಲ್ಲಿ ಹಾಸಿದ್ದರು. ಆಮ್ಲ ಬಿದ್ದ ಕಡೆಗಳಲ್ಲಿ ಅದಕ್ಕೆ ಆಗಲೇ ಅಂಗೈಯಗಲದ ತೂತು ಬಿದ್ದಿತ್ತು.